ಕೆಂಡಕ್ಕೂ ಕಂಬಿಗೂ 4 ಇಂಚು: ಕ್ಯಾಂಪಿಂಗ್ ಗ್ರಿಲ್ ಕೊಳ್ಳುವ ಮುನ್ನ

ಮೈಸೂರಿನಲ್ಲಿ ಕೂತು ಕ್ಯಾಂಪಿಂಗ್ ಗ್ರಿಲ್ ಹುಡುಕಿದರೆ, ಅಂಗಡಿಯಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ, ಸಿಗುವುದು ಹೆಚ್ಚೂಕಡಿಮೆ ನಾಲ್ಕು ಬಗೆ. ಸೂಟ್‌ಕೇಸ್ ಥರ ಮುಚ್ಚಿ ಹಿಡಿ ಹಿಡಿದು ಒಯ್ಯುವ ಇದ್ದಿಲಿನ ಗ್ರಿಲ್, ಕತ್ತರಿಯಾಗಿ ನಿಂತು ಪೂರ್ತಿ ಚಪ್ಪಟೆಯಾಗಿ ಮಡಚುವ ತೆಳು ಗ್ರಿಲ್, ಮುಚ್ಚಳವಿರುವ ದುಂಡನೆಯದು, ಬ್ಯೂಟೇನ್ ಡಬ್ಬಿಯ ಒಲೆಯ ಮೇಲೆ ಕೂರಿಸುವ ಪ್ಲೇಟು. ಐದನೆಯದೂ ಒಂದಿದೆ. ಅದು ಯಾವ ಕಪಾಟಿನಲ್ಲೂ ಇರುವುದಿಲ್ಲ. ಗೇಟು, ಕಿಟಕಿ ಮಾಡುವ ವೆಲ್ಡಿಂಗ್ ಶಾಪಿನಲ್ಲಿ ಅಳತೆ ಕೊಟ್ಟು ಮಾಡಿಸಬೇಕು. ನಮ್ಮ ಓಟು ಅದಕ್ಕೇ.

ಮಡಚಿದರೆ ಎಷ್ಟು ಚಿಕ್ಕದಾಗುತ್ತದೆ, ತೂಕ ಎಷ್ಟು ಎಂದೇ ಎಲ್ಲರೂ ಮೊದಲು ಕೇಳುತ್ತಾರೆ. ಕಾರಿನ ಡಿಕ್ಕಿಯಲ್ಲಿ ಹಾಕಿಕೊಂಡು ಬಲಮುರಿ ಕಡೆಯ ತೋಟಕ್ಕೋ ಹುಣಸೂರಿನಾಚೆಯ ಹೋಮ್‌ಸ್ಟೇಗೋ ಹೋಗುವವರಿಗೆ 3 ಕೆ.ಜಿ. ಉಳಿಸಿ ಆಗಬೇಕಾದ್ದೇನು? ನೋಡಬೇಕಾದ್ದು ಎರಡೇ ಅಳತೆ: ಕೆಂಡಕ್ಕೂ ಜಾಲರಿಗೂ ನಡುವಿನ ಅಂತರ, ಮತ್ತು ತಗಡಿನ ದಪ್ಪ.

ಅಂಗಡಿಗೆ ಟೇಪು ತೆಗೆದುಕೊಂಡು ಹೋಗಿ. ಇದ್ದಿಲು ಕೂರುವ ಜಾಗದಿಂದ ಜಾಲರಿಯವರೆಗೆ ಅಳೆದು, ಅದರಲ್ಲಿ ಇದ್ದಿಲಿನ ಪದರಕ್ಕೆಂದು 2 ಇಂಚು ಕಳೆಯಿರಿ. ಉಳಿದದ್ದು 4 ಇಂಚಿನ ಹತ್ತಿರ ಇದ್ದರೆ ಕೋಳಿ ಕಾಲು ಮೂಳೆಯವರೆಗೂ ಬೇಯುತ್ತದೆ. ತೆಳು ಮಾದರಿಗಳಲ್ಲಿ ಒಟ್ಟು ಆಳವೇ 3 ಇಂಚಿರುವುದುಂಟು. ಅಂದರೆ ಮಾಂಸಕ್ಕೂ ಕೆಂಡಕ್ಕೂ ಉಳಿಯುವುದು 1 ಇಂಚು. ಹೊರಗೆಲ್ಲ ಕರಕಲು, ಮೂಳೆ ಪಕ್ಕ ಇನ್ನೂ ಕೆಂಪು. ಆಮೇಲೆ ಮಸಾಲೆಯನ್ನೋ ಕೋಳಿಯನ್ನೋ ಬೈಯುತ್ತಾರೆ, ಗ್ರಿಲ್ಲಿನ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಕಡ್ಡಿಗೆ ಚುಚ್ಚಿದ ಸಣ್ಣ ತುಂಡುಗಳಿಗೆ ಮಾತ್ರ 2–3 ಇಂಚು ಸಾಕು.

ತಗಡಿನ ಗೇಜಿನ ಸಂಖ್ಯೆ ಹೆಚ್ಚಾದಷ್ಟೂ ತಗಡು ತೆಳು. 22 ಗೇಜ್ ಅಂದರೆ ಮುಕ್ಕಾಲು ಮಿ.ಮೀ. ಆಸುಪಾಸು, ಕೆಂಡದ ಕಾವಿಗೆ ತಳ ಉಬ್ಬಿ ಟ್ರೇ ತಿರುಚಿಕೊಳ್ಳುತ್ತದೆ, ಆಮೇಲೆ ನಾಲ್ಕು ಕಾಲೂ ಒಟ್ಟಿಗೆ ನೆಲಕ್ಕೆ ಕೂರುವುದಿಲ್ಲ. 18 ಗೇಜ್ (1.2 ಮಿ.ಮೀ.) ನಡೆಯುತ್ತದೆ, 16 ಗೇಜ್ (1.6 ಮಿ.ಮೀ.) ಆದರೆ ನಿಶ್ಚಿಂತೆ. ತಳದ ನಡುವೆ ಹೆಬ್ಬೆರಳಿಂದ ಒತ್ತಿ ನೋಡಿ. ಟಕ್ ಎಂದು ಒಳಗೆ ಹೋಗಿ ಮತ್ತೆ ಹೊರಗೆ ಬಂದರೆ ಅಲ್ಲೇ ಬಿಟ್ಟು ಬನ್ನಿ.

ಜಾಲರಿ ವಿಷಯದಲ್ಲಿ ಅಂಗಡಿಯವರು ಆಯಸ್ಕಾಂತ ತಂದು ‘ನೋಡಿ ಸಾರ್, ಅಂಟಲ್ಲ, ಒಳ್ಳೇ ಎಸ್‌ಎಸ್ಸು’ ಎನ್ನುತ್ತಾರೆ. ಅಂಟದಿರುವುದು 304 ಗ್ರೇಡಿನ ಸ್ಟೇನ್‌ಲೆಸ್ ಸ್ಟೀಲ್ ಒಂದೇ ಅಲ್ಲ, ಅಗ್ಗದ 202 ಗ್ರೇಡ್ ಕೂಡ ಅಂಟುವುದಿಲ್ಲ. ತುಕ್ಕಿಗೆ ಬಗ್ಗುವುದರಲ್ಲಿ ಎರಡಕ್ಕೂ ಬಹಳ ವ್ಯತ್ಯಾಸ. ಹಾಗಾಗಿ ಆಯಸ್ಕಾಂತದ ಪರೀಕ್ಷೆಯಿಂದ 304 ಎಂದು ಸಾಬೀತಾಗುವುದಿಲ್ಲ, ಬಿಲ್ಲಿನಲ್ಲಿ ಗ್ರೇಡ್ ಬರೆಸಿಕೊಳ್ಳಿ. ಫಳಫಳ ಹೊಳೆಯುವ ಕ್ರೋಮ್ ಲೇಪನದ ತಂತಿ ಜಾಲರಿ ಬೇಡವೇ ಬೇಡ. ಲೇಪನ ಸಿಪ್ಪೆಯೆದ್ದು ಊಟಕ್ಕೆ ಅಂಟುತ್ತದೆ, ತಂತಿ ನಡುವೆ ಜೋಲುತ್ತದೆ.

ಇನ್ನು ಒಂದೊಂದೇ ಬಗೆ. ಕತ್ತರಿ ಕಾಲಿನ ತೆಳು ಗ್ರಿಲ್ ಬೈಕಿನಲ್ಲಿ ಹೋಗಿ ಮುಸುಕಿನ ಜೋಳ, ಪನೀರ್ ಸುಟ್ಟುಕೊಳ್ಳುವವರಿಗೆ ಮಾತ್ರ. ಸೂಟ್‌ಕೇಸ್ ಮಾದರಿ ಸಾಗಿಸಲು ಸಲೀಸು, ಒಳ್ಳೆಯ ದಪ್ಪದ್ದು ಸಿಕ್ಕರೆ ತೆಗೆದುಕೊಳ್ಳಬಹುದು. ಅದರ ರೋಗ ಇರುವುದು ಕೀಲು ಮತ್ತು ರಿವೆಟ್ಟುಗಳಲ್ಲಿ: ಕಾದು ತಣಿದು ಸಡಿಲವಾಗಿ, ಮಸಿ ತುಂಬಿ, ಕೊನೆಗೆ ಮುಚ್ಚಲೂ ಆಗದೆ ತೆರೆಯಲೂ ಆಗದೆ ನಿಲ್ಲುತ್ತದೆ.

ಮುಚ್ಚಳದ ದುಂಡು ಗ್ರಿಲ್ಲಿಗೆ ಮಾದರಿ ಎಂದರೆ ವೆಬರ್ ಕಂಪನಿಯ ಸ್ಮೋಕಿ ಜೋ, ಸುಮಾರು 14 ಇಂಚು ಅಗಲದ್ದು. ಆಷಾಢದ ಗಾಳಿಯಲ್ಲೂ ಕೆಂಡ ಹತೋಟಿಯಲ್ಲಿರುವುದು ಇದೊಂದರಲ್ಲೇ. ಗಾಳಿಕಿಂಡಿ ಮುಚ್ಚಿದರೆ ಕೆಂಡ ಆರಿ, ಉಳಿದ ಇದ್ದಿಲು ಮುಂದಿನ ಸಲಕ್ಕೆ ಸಿಗುತ್ತದೆ. ಮೂರು–ನಾಲ್ಕು ಜನಕ್ಕೆ ಸರಿ. ಎಂಟು ಜನ ಹೋದರೆ ಕೊನೆಯವನು ಉಣ್ಣುವ ಹೊತ್ತಿಗೆ ಮೊದಲನೆಯವನಿಗೆ ಮತ್ತೆ ಹಸಿವಾಗಿರುತ್ತದೆ.

ಬ್ಯೂಟೇನ್ ಒಲೆ ಬೆಳಗಿನ ಕಾಫಿಗೆ, ಆಮ್ಲೆಟ್ಟಿಗೆ ಚೆನ್ನ. 220 ಗ್ರಾಮಿನ ಡಬ್ಬಿ, 2.2 ಕಿಲೋವಾಟ್ ಒಲೆಯಲ್ಲಿ ಪೂರ್ತಿ ಉರಿ ಇಟ್ಟರೆ ಒಂದೂಕಾಲು ಗಂಟೆ ಬರುತ್ತದೆ. ಇಲ್ಲಿ ಆಗುವ ಅಪಾಯ ದೊಡ್ಡ ಕಾವಲಿ, ಅಗಲದ ಗ್ರಿಲ್ ಪ್ಲೇಟು ಇಡುವುದರಿಂದ. ಪ್ಲೇಟಿನ ಅಂಚು ಡಬ್ಬಿಯ ಗೂಡಿನ ಮೇಲೆ ಚಾಚಿಕೊಂಡರೆ ಕಾವು ಕೆಳಕ್ಕೆ ಬಡಿದು ಡಬ್ಬಿ ಬಿಸಿಯಾಗಿ ಒತ್ತಡ ಏರುತ್ತದೆ. ಸುರಕ್ಷತಾ ಕ್ಲಿಪ್ ಡಬ್ಬಿಯನ್ನು ಹೊರದಬ್ಬಿದರೆ ಪುಣ್ಯ, ಇಲ್ಲದಿದ್ದರೆ ಸಿಡಿಯಬಹುದು. ಒಲೆಯ ಜೊತೆಗೆ ಅದೇ ಕಂಪನಿ ಹೇಳಿದ ಅಳತೆಯ ಪ್ಲೇಟನ್ನೇ ಬಳಸಿ. ಡಬ್ಬಿಗಳನ್ನು ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಡಬೇಡಿ.

ಈಗ ಮಾಡಿಸುವ ಗ್ರಿಲ್ಲಿನ ಲೆಕ್ಕ. ಟ್ರೇ ಒಳಅಳತೆ 40 ಸೆಂ.ಮೀ. ಉದ್ದ, 30 ಅಗಲ, 18 ಆಳ. 16 ಗೇಜ್ ಎಂ.ಎಸ್. (ಮೈಲ್ಡ್ ಸ್ಟೀಲ್, ಅಂದರೆ ಸಾದಾ ಉಕ್ಕಿನ) ಶೀಟು. ತಳದಿಂದ 1 ಇಂಚು ಮೇಲೆ ಬಿಡಿಯಾಗಿ ಕೂರುವ ತೂತು ತಗಡು, ಅದರ ಮೇಲೆ ಇದ್ದಿಲು. ಬೂದಿ ಕೆಳಗೆ ಉದುರದಿದ್ದರೆ ಕೆಂಡ ತನ್ನದೇ ಬೂದಿಯಲ್ಲಿ ಉಸಿರುಕಟ್ಟಿ ಆರುತ್ತದೆ. ಉದ್ದದ ಎರಡೂ ಬದಿಗೆ ಆ ತಗಡಿನ ಮಟ್ಟದಲ್ಲೇ 10 ಮಿ.ಮೀ.ನ ಐದೈದು ತೂತು. ಇನ್ನೂ ಹೆಚ್ಚು ಕೊರೆಸಿದರೆ ಇದ್ದಿಲು ಬೇಗ ಉರಿದು ಮುಗಿಯುತ್ತದೆ. 40 ಸೆಂ.ಮೀ. ಉದ್ದ ಯಾಕೆಂದರೆ ಕೆಂಡವನ್ನು ಒಂದು ಕಡೆಗೆ ಗುಡ್ಡೆ ಮಾಡಿ ಇನ್ನೊಂದು ಕಡೆ ಖಾಲಿ ಬಿಡಲು ಜಾಗ ಬೇಕು. ಬನ್ನೂರು ಕುರಿಯ ಮಾಂಸದಂಥ ಕೊಬ್ಬಿನ ಮಾಲು ಇಟ್ಟಾಗ ಕೊಬ್ಬು ತೊಟ್ಟಿಕ್ಕಿ ಭುಗ್ಗೆಂದು ಉರಿ ಏಳುತ್ತದೆ. ಆಗ ನೀರು ಚಿಮುಕಿಸಿದರೆ ಬೂದಿ ಹಾರಿ ಊಟಕ್ಕೆ ಕೂರುತ್ತದೆ. ತುಂಡುಗಳನ್ನು ಖಾಲಿ ಬದಿಗೆ ಸರಿಸಿದರೆ ಉರಿ ತಾನೇ ಇಳಿಯುತ್ತದೆ.

ಜಾಲರಿಗೆ 6 ಮಿ.ಮೀ.ನ ನುಣುಪು ರಾಡು, ನಡುವೆ 12 ಮಿ.ಮೀ. ಸಂದು. ಮನೆ ಕಟ್ಟುವ ಟಿ.ಎಂ.ಟಿ. ಕಂಬಿ ಬೇಡ, ಅದರ ಏಣುಗಳಲ್ಲಿ ಜಿಡ್ಡು ಕೂತರೆ ಉಜ್ಜಿ ತೆಗೆಯಲಾಗದು. ವೆಲ್ಡರ್ ಖಂಡಿತ ‘ಜಿ.ಐ. ಮೆಶ್ ಹಾಕ್ಬುಡ್ತೀನಿ ಸಾ, ತುಕ್ಕು ಹಿಡಿಯಾಕಿಲ್ಲ’ ಎನ್ನುತ್ತಾನೆ. ಒಪ್ಪಬೇಡಿ. ಜಿ.ಐ. ಅಂದರೆ ಸತು ಲೇಪಿಸಿದ ಕಬ್ಬಿಣ, ಆ ಸತು 420 ಡಿಗ್ರಿಯಲ್ಲಿ ಕರಗುತ್ತದೆ. ಕೆಂಡ 600 ದಾಟಿರುತ್ತದೆ. ಸತುವಿನ ಹೊಗೆ ಕುಡಿದರೆ ಚಳಿಜ್ವರ ಬಂದಂತೆ ಆಗುತ್ತದೆಂದು ವೆಲ್ಡಿಂಗ್ ಕೆಲಸದವರಿಗೇ ಗೊತ್ತು.

ಜಾಲರಿಯನ್ನು ಟ್ರೇಗೆ ಬೆಸೆಯಬಾರದು, ಸಡಿಲವಾಗಿ ಕೂರಬೇಕು. 40 ಸೆಂ.ಮೀ. ಕಬ್ಬಿಣ 500 ಡಿಗ್ರಿ ಕಾದರೆ ಸುಮಾರು 2.5 ಮಿ.ಮೀ. ಉದ್ದವಾಗುತ್ತದೆ, ಸ್ಟೇನ್‌ಲೆಸ್ ಇನ್ನೂ ಹೆಚ್ಚು. ಎರಡೂ ತುದಿ ಬಿಗಿದಿದ್ದರೆ ಹೋಗಲು ದಾರಿಯಿಲ್ಲದೆ ಬಿಲ್ಲಾಗುತ್ತದೆ. ಸುತ್ತಲೂ 3 ಮಿ.ಮೀ. ಬಿಡಿಸಿ. ಹಾಗೇ ಜಾಲರಿಯನ್ನು 20 ಸೆಂ.ಮೀ.ನ ಎರಡು ತುಂಡಾಗಿ ಮಾಡಿಸಿ. ಒಂದನ್ನು ಎತ್ತಿ ಇದ್ದಿಲು ಹಾಕಬಹುದು, ಇನ್ನೊಂದರ ಮೇಲಿನ ಅಡುಗೆ ನಿಲ್ಲುವುದಿಲ್ಲ. ಮಾಂಸ ತಿನ್ನದವರು ಜೊತೆಗಿದ್ದರೆ ಒಂದು ತುಂಡು ಅವರದ್ದೇ, ಅದಕ್ಕೆ ಗುರುತಿನ ಹಿಡಿ ಬೆಸೆಸಿ. ಈ ಒಂದು ಅನುಕೂಲ ಅಂಗಡಿಯ ಗ್ರಿಲ್ಲುಗಳಲ್ಲಿ ಸಿಗುವುದು ಅಪರೂಪ.

ಕಾಲಿಗೆ ಬೋಲ್ಟು, ನಟ್ಟು ಬೇಡ, ಕಾದು ಕಚ್ಚಿಕೊಳ್ಳುತ್ತವೆ. ನಾಲ್ಕು ಮೂಲೆಗೆ ಪೈಪಿನ ತುಂಡು ಬೆಸೆಸಿ, 12 ಮಿ.ಮೀ.ನ 25 ಸೆಂ.ಮೀ. ರಾಡುಗಳನ್ನು ಅದರೊಳಗೆ ತೂರಿಸುವಂತಿರಲಿ. ಎಲ್ಲ ಸೇರಿ 8–9 ಕೆ.ಜಿ. ಆಗುತ್ತದೆ. ಸಾಮಾನಿನ ದರ ಕೆ.ಜಿ. ಲೆಕ್ಕದಲ್ಲಿ, ಮಜೂರಿ ಬೇರೆ ಎಂದು ಮೊದಲೇ ಮಾತಾಡಿಕೊಳ್ಳಿ.

ಬಣ್ಣ ಹೊಡೆಸಬೇಡಿ. ತಂದ ದಿನ ಮುಕ್ಕಾಲು ಗಂಟೆ ಖಾಲಿ ಕೆಂಡ ಉರಿಸಿ ವೆಲ್ಡಿಂಗಿನ ಎಣ್ಣೆ, ಮಸಿ ಸುಡಬೇಕು. ಜಾಲರಿ ಬಿಸಿಯಿರುವಾಗಲೇ ಅರ್ಧ ಈರುಳ್ಳಿಯನ್ನು ಕಡಲೆಕಾಯಿ ಎಣ್ಣೆಯಲ್ಲಿ ಅದ್ದಿ ಉಜ್ಜಿ, ದೋಸೆ ಕಾವಲಿ ಪಳಗಿಸಿದ ಹಾಗೆ. ಎರಡು ಮೂರು ಸಲ ಆದ ಮೇಲೆ ಕೆ.ಆರ್.ಎಸ್. ಕಡೆಯ ಜಿಲೇಬಿ ಮೀನು ಕೂಡ ಚರ್ಮ ಕಿತ್ತುಕೊಳ್ಳದೆ ಮಗುಚುತ್ತದೆ.

ಇದ್ದಿಲನ್ನು ಸೂಪರ್ ಮಾರ್ಕೆಟ್ಟಿನ ಬಣ್ಣದ ಚೀಲದಲ್ಲಿ ಕೊಳ್ಳುವ ಮೊದಲು ನಿಮ್ಮ ಬೀದಿಯ ಇಸ್ತ್ರಿ ಅಂಗಡಿಯವರು ಎಲ್ಲಿಂದ ತರುತ್ತಾರೆ ಕೇಳಿ. ಎರಡು ತುಂಡು ಒಂದಕ್ಕೊಂದು ತಟ್ಟಿದರೆ ಠಣ್ ಎನ್ನಬೇಕು. ದಪ್ಪ ಸದ್ದು ಬಂದರೆ ಹಸಿ, ಹೊಗೆ ಹಾಕಿ ಕಿಡಿ ಸಿಡಿಸುತ್ತದೆ. ತೆಂಗಿನ ಚಿಪ್ಪಿನ ಇದ್ದಿಲು ಹೊತ್ತಲು ತಡ, ಹೊತ್ತಿದ ಮೇಲೆ ಕಾವು ಬಹಳ ಹೊತ್ತು ನಿಲ್ಲುತ್ತದೆ. ಅರ್ಧಕ್ಕರ್ಧ ಬೆರೆಸುವುದು ಒಳ್ಳೆಯದು. ಈ ಅಳತೆಯ ಟ್ರೇಗೆ ಒಂದು ಸುತ್ತಿಗೆ ಒಂದೂಕಾಲು ಕೆ.ಜಿ. ಸಾಕು. ಹೊತ್ತಿಸಲು ಸೀಮೆಎಣ್ಣೆ, ಪೆಟ್ರೋಲ್ ಸೇರಿಸಬೇಡಿ. ಮೇಲೂ ಕೆಳಗೂ ಕತ್ತರಿಸಿದ 5 ಲೀಟರ್ ಎಣ್ಣೆ ಟಿನ್ನಿನ ಪಕ್ಕಗಳಲ್ಲಿ ಬುಡದ ಹತ್ತಿರ ತೂತು ಕೊರೆದು ಟ್ರೇಯಲ್ಲಿ ನಿಲ್ಲಿಸಿ, ಅಡುಗೆ ಎಣ್ಣೆ ಸವರಿದ ಎರಡು ಹಾಳೆ ಪೇಪರ್ ಉಂಡೆ ಮಾಡಿಟ್ಟು, ಮೇಲೆ ಇದ್ದಿಲು ತುಂಬಿ ಕಡ್ಡಿ ಗೀರಿ. 15–20 ನಿಮಿಷದಲ್ಲಿ ಮೇಲಿನ ತುಂಡುಗಳ ಅಂಚು ಬೆಳ್ಳಗಾಗುತ್ತದೆ, ಆಗ ಟಿನ್ ಎತ್ತಿ ಹರಡಿ. ಜಾಲರಿಯ ಮೇಲೆ ನಾಲ್ಕು ಬೆರಳು ಎತ್ತರದಲ್ಲಿ ಅಂಗೈ ಹಿಡಿದು 4–5 ಎಣಿಸಲು ಆದರೆ ಕೋಳಿಗೆ ಹದ, 2ಕ್ಕೇ ಕೈ ಹಿಂದೆಗೆದರೆ ಇನ್ನೂ ಕಾಯಿರಿ. ಮೂಳೆಯವರೆಗೆ ಸೀಳಿದ ಕೋಳಿ ಕಾಲಿಗೆ 25–30 ನಿಮಿಷ ಬೇಕು, ಒಳಗೆ 74 ಡಿಗ್ರಿ ಮುಟ್ಟಬೇಕು. ಬೆಲ್ಲ, ಜೇನು ಇರುವ ಮಸಾಲೆಯನ್ನು ಕೊನೆಯ 5 ನಿಮಿಷದಲ್ಲಿ ಸವರಿ, ಮೊದಲೇ ಹಚ್ಚಿದರೆ ಸೀದು ಕಹಿಯಾಗುತ್ತದೆ.

ಎಲ್ಲಿ ಹೊತ್ತಿಸುತ್ತೀರಿ ಎಂಬುದನ್ನು ಹೊರಡುವ ಮೊದಲೇ ತೀರ್ಮಾನಿಸಿ. ಮುತ್ತತ್ತಿ, ಭೀಮೇಶ್ವರಿ ಇರುವುದು ಕಾವೇರಿ ವನ್ಯಜೀವಿಧಾಮದ ವ್ಯಾಪ್ತಿಯಲ್ಲಿ, ಮೇಲುಕೋಟೆ ಸುತ್ತಲೂ ವನ್ಯಜೀವಿಧಾಮವಿದೆ. ಅಲ್ಲಿ ಕಾಡಂಚಿನಲ್ಲಿ ಕೆಂಡದ ಮಾತೇ ಬೇಡ. 2019ರ ಫೆಬ್ರವರಿಯಲ್ಲಿ ಬಂಡೀಪುರ ಉರಿದದ್ದನ್ನು ಈ ಕಡೆಯವರಿಗೆ ನೆನಪಿಸಬೇಕಿಲ್ಲ. ಖಾಸಗಿ ತೋಟವಾದರೆ ಮಾಲೀಕರನ್ನು ಕೇಳಿ, ತರಗು ಗುಡಿಸಿದ ಬರಿ ನೆಲದಲ್ಲಿ ಇಡಿ. ಕಬ್ಬಿನ ಗದ್ದೆ ಪಕ್ಕ ಬೇಡ, ಒಣ ರವದಿಗೆ ಒಂದು ಕಿಡಿ ಸಾಕು. ಮಳೆ ಬಂತೆಂದು ಗ್ರಿಲ್ಲನ್ನು ಟೆಂಟಿನೊಳಗೆ ಎಳೆದುಕೊಳ್ಳಲೇಬಾರದು: ಆರಿದಂತೆ ಕಾಣುವ ಕೆಂಡವೂ ಕಾರ್ಬನ್ ಮಾನಾಕ್ಸೈಡ್ ಬಿಡುತ್ತದೆ, ಅದಕ್ಕೆ ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ.

ಬಿಸಿ ಟ್ರೇಗೆ ನೀರು ಸುರಿದರೆ ತಗಡು ಸೊಟ್ಟಗಾಗುತ್ತದೆ, ಹಬೆ ಕೈ ಸುಡುತ್ತದೆ. ಕೆಂಡವನ್ನು ಮುಚ್ಚಳದ ಕಬ್ಬಿಣದ ಡಬ್ಬಿಗೆ ಬಗ್ಗಿಸಿ, ಅದರೊಳಗೆ ನೀರು ಹಾಕಿ ಕಡ್ಡಿಯಿಂದ ಕದಡಿ. ಅಂಗೈ ಹಿಂಭಾಗ ಹತ್ತಿರ ಹಿಡಿದಾಗ ಬೆಚ್ಚಗೂ ಇರದಿದ್ದರೆ ಮಾತ್ರ ಡಿಕ್ಕಿಗೆ. ಟ್ರೇ, ಜಾಲರಿಗೆ ಎಣ್ಣೆ ಬಟ್ಟೆ ಸವರಿ ಗೋಣಿಚೀಲದಲ್ಲಿಡಿ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟರೆ ಮಳೆಗಾಲದ ಪಸೆಗೆ ಒಂದೇ ತಿಂಗಳಲ್ಲಿ ತುಕ್ಕು ಏಳುತ್ತದೆ.