ತಮಿಯಾ 1/24 ಕಾರ್ ಕಿಟ್‌ಗಳು: ಕರಾವಳಿಯ ತೇವದಲ್ಲಿ ಎಂಟು ವರ್ಷಗಳ ಬಳಕೆ

ಕಳೆದ ಎಂಟು ವರ್ಷಗಳಿಂದ ಮಂಗಳೂರಿನ ನಮ್ಮ ಮನೆಯ ಹಿಂಬದಿಯ ಕೋಣೆಯಲ್ಲಿ ಜಪಾನಿನ ತಮಿಯಾ ಸಂಸ್ಥೆಯ 1/24 ಅಳತೆಯ ಪ್ಲಾಸ್ಟಿಕ್ ಕಾರ್ ಕಿಟ್‌ಗಳನ್ನು ಜೋಡಿಸುತ್ತಾ ಬಂದಿದ್ದೇನೆ. ಪೂರ್ತಿಯಾಗಿ ಕಪಾಟು ಸೇರಿದವು ಹದಿಮೂರು. ನನ್ನ ಕೈಯಲ್ಲೇ ಕೆಟ್ಟು ಬಿಡಿಭಾಗಗಳ ಡಬ್ಬಿ ಸೇರಿದವು ಎರಡು. ಪೆಟ್ಟಿಗೆ ತೆರೆದ ವಾರದಲ್ಲೇ ಬರೆದ ವಿಮರ್ಶೆಗಳು ಬೇಕಾದಷ್ಟು ಸಿಗುತ್ತವೆಯಾದರೂ, ಕೊಳ್ಳುವ ಮೊದಲು ನನಗೆ ತಿಳಿಯಬೇಕಿದ್ದ ಎರಡು ಸಂಗತಿಗಳು ಅವುಗಳಲ್ಲಿ ಇರಲಿಲ್ಲ. ಗೋಡೆಯೇ ಬೆವರುವ ಊರಿನಲ್ಲಿ ಈ ಕಾರುಗಳಿಗೆ ಬಣ್ಣ ಹಾಕುವುದು ಹೇಗೆ, ಮತ್ತು ಕಟ್ಟಿ ಮುಗಿಸಿದ ಕಾರು ಐದಾರು ಮಳೆಗಾಲ ಕಂಡ ಮೇಲೆ ಯಾವ ಸ್ಥಿತಿಯಲ್ಲಿರುತ್ತದೆ ಎಂಬವೇ ಆ ಎರಡು.

ಅಳತೆಯ ಮಾತು ಮೊದಲು. 1/24 ಎಂದರೆ ನಿಜವಾದ ಕಾರಿನ ಒಂದು ಅಡಿ ಇಲ್ಲಿ ಅರ್ಧ ಇಂಚು. 3 ಮೀಟರ್‌ಗಿಂತ ತುಸು ಹೆಚ್ಚು ಉದ್ದದ ಹಳೆಯ ಮಿನಿ ಕೂಪರ್ ಈ ಅಳತೆಯಲ್ಲಿ ಸುಮಾರು 127 ಮಿಲಿಮೀಟರ್ ಆಗಿ ಅಂಗೈಯಲ್ಲಿ ಕೂರುತ್ತದೆ. 4,520 ಮಿಲಿಮೀಟರಿನ ಮರ್ಸಿಡಿಸ್ 300 ಎಸ್‌ಎಲ್ 188 ಮಿಲಿಮೀಟರ್ ಆಗುತ್ತದೆ. ಅಮೆರಿಕದ ಹಳೆಯ ಕಂಪನಿಗಳ ಕಿಟ್‌ಗಳು ಹೆಚ್ಚಾಗಿ 1/25 ಆಗಿರುವುದರಿಂದ ಒಂದರ ಚಕ್ರವನ್ನು ಇನ್ನೊಂದಕ್ಕೆ ಹಾಕಲು ಹೊರಟರೆ ಕಣ್ಣಿಗೆ ಕಾಣದ, ಆದರೆ ಬೆರಳಿಗೆ ತಿಳಿಯುವ ವ್ಯತ್ಯಾಸ ಬರುತ್ತದೆ.

ಜೋಡಣೆಯ ನಿಖರತೆಯ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಏಕೆಂದರೆ ಅದರ ಬಗ್ಗೆ ಈ ಹವ್ಯಾಸದವರಲ್ಲಿ ಭಿನ್ನಾಭಿಪ್ರಾಯ ಕಡಿಮೆ. ಭಾಗಗಳು ಅಂಟಿಕೊಂಡೇ ಬರುವ ಪ್ಲಾಸ್ಟಿಕ್ ಚೌಕಟ್ಟಾದ ಸ್ಪ್ರೂವಿನಿಂದ ಭಾಗವನ್ನು ತೆಳು ಮೊನೆಯ ಕಟರಿನಿಂದ ಎರಡು ಹಂತದಲ್ಲಿ ಕತ್ತರಿಸಿ, ಉಳಿದ ಗುಬುಟನ್ನು ಉಜ್ಜುಕಾಗದದಿಂದ ಸವರಿದರೆ ಒಂದು ಭಾಗ ಇನ್ನೊಂದರಲ್ಲಿ ತಾನಾಗಿಯೇ ಕೂರುತ್ತದೆ. ಹಸಿರು ಮುಚ್ಚಳದ ಎಕ್ಸ್‌ಟ್ರಾ ಥಿನ್ ಸಿಮೆಂಟ್ ಅಂಟಲ್ಲ, ದ್ರಾವಕ. ಎರಡು ಭಾಗಗಳನ್ನು ಒತ್ತಿಹಿಡಿದು ಸಂದಿಗೆ ಕುಂಚದ ತುದಿ ತಾಗಿಸಿದರೆ ಸಾಕು, ದ್ರವ ತಾನೇ ಸಂದಿಯುದ್ದಕ್ಕೂ ಓಡಿ, ಪಾಲಿಸ್ಟೈರೀನನ್ನು ಕರಗಿಸಿ ಬೆಸೆಯುತ್ತದೆ. ಹೀಗೆ ಬೆಸೆದ ಒಂದು ಜೋಡಣೆಯೂ ಈ ಎಂಟು ವರ್ಷಗಳಲ್ಲಿ ಬಿಟ್ಟುಕೊಂಡಿಲ್ಲ. ಸೂಪರ್ ಗ್ಲೂ ಹಾಕಿದ ಹೊರಗನ್ನಡಿಗಳು ಮಾತ್ರ ಧೂಳು ಒರೆಸುವಾಗ ಎರಡು ಸಲ ಕಿತ್ತು ಬಂದಿವೆ.

ಇಷ್ಟು ಕಿಟ್‌ಗಳಲ್ಲಿ ಹಣಕ್ಕೆ ಮೀರಿದ ತೃಪ್ತಿ ಕೊಟ್ಟದ್ದು ಮರ್ಸಿಡಿಸ್ 300 ಎಸ್‌ಎಲ್. 1954ರಲ್ಲಿ ನ್ಯೂಯಾರ್ಕಿನಲ್ಲಿ ಮೊದಲು ಪ್ರದರ್ಶನಗೊಂಡ ಈ ಕಾರಿನ ಬಾಗಿಲುಗಳು ಹಕ್ಕಿಯ ರೆಕ್ಕೆಯಂತೆ ಮೇಲಕ್ಕೆ ತೆರೆದುಕೊಳ್ಳುತ್ತವೆ ಎಂಬುದು ಎಲ್ಲರಿಗೂ ಗೊತ್ತು. ಅದನ್ನು ಶೋಕಿಯೆಂದೇ ನಾನೂ ಭಾವಿಸಿದ್ದೆ. ಕಿಟ್‌ನಲ್ಲಿ ಮೊದಲು ಕಟ್ಟಬೇಕಾದದ್ದು ತೆಳು ಕೊಳವೆಗಳ ಚೌಕಟ್ಟು. ಅದನ್ನು ಒಂದೊಂದೇ ಕೊಳವೆಯಾಗಿ ಕೂಡಿಸುತ್ತಾ ಹೋದಾಗ, ಬಲಕ್ಕಾಗಿ ಇಕ್ಕೆಲಗಳಲ್ಲೂ ಎತ್ತರಕ್ಕೆ ಏರಿದ ಆ ಕೊಳವೆಗಳು ಮಾಮೂಲಿ ಬಾಗಿಲಿಗೆ ಜಾಗವನ್ನೇ ಉಳಿಸಿಲ್ಲ, ಬಾಗಿಲನ್ನು ಚಾವಣಿಗೆ ಕೀಲಿಸದೆ ವಿನ್ಯಾಸಕಾರರಿಗೆ ಬೇರೆ ದಾರಿಯೇ ಇರಲಿಲ್ಲ ಎಂಬುದು ಕೈಗೇ ತಿಳಿಯಿತು. ಆರು ಸಿಲಿಂಡರಿನ ಎಂಜಿನ್ನನ್ನು ಒಂದು ಬದಿಗೆ ಓರೆಯಾಗಿ ಮಲಗಿಸಿರುವುದೂ ಹಾಗೆಯೇ: ಬಾನೆಟ್ ತಗ್ಗಾಗಿರಬೇಕಾದರೆ ಅದು ನೆಟ್ಟಗೆ ನಿಲ್ಲುವಂತಿಲ್ಲ. ಎರಡು ತಿಂಗಳ ಸಂಜೆಗಳು ಇದಕ್ಕೆ ಹೋದವು. ಬಾಡಿ ಮುಚ್ಚಿದ ಮೇಲೆ ಆ ಚೌಕಟ್ಟಿನ ಬಹುಪಾಲು ಕಾಣುವುದಿಲ್ಲ ಎಂಬುದು ಕೆಲವರಿಗೆ ಬೇಸರ ತರಬಹುದು, ನನಗೆ ತಂದಿಲ್ಲ.

ತಮಿಯಾದ ಊರಾದ ಶಿಜುವೋಕಾ ಮೂಲತಃ ಮರಗೆಲಸಕ್ಕೆ ಹೆಸರಾದದ್ದು. ಸಂಸ್ಥೆಯೂ 1946ರಲ್ಲಿ ಮರದ ವ್ಯಾಪಾರವಾಗಿ ಶುರುವಾಗಿ, ಮರದ ಮಾದರಿಗಳನ್ನು ಮಾಡಿ, 1960ರಲ್ಲಿ ಪ್ಲಾಸ್ಟಿಕ್ಕಿಗೆ ಬಂದಿತು. ಆವೋಶಿಮಾ, ಫುಜಿಮಿ, ಹಸೆಗಾವಾ ಕಂಪನಿಗಳೂ ಅದೇ ಪ್ರಾಂತದವು. ಚನ್ನಪಟ್ಟಣದ ಅರಗಿನ ಬೊಂಬೆಗಳನ್ನು ಕೈಯಲ್ಲಿ ಹಿಡಿದಾಗಲೆಲ್ಲ ಈ ಇನ್ನೊಂದು ಮರಗೆಲಸದ ಊರು ನೆನಪಾಗುತ್ತದೆ, ಅಷ್ಟೆ. ಹೋಲಿಕೆಯನ್ನು ಮುಂದೆ ಎಳೆಯುವುದಿಲ್ಲ.

ಈಗ ಬಣ್ಣಕ್ಕೆ ಬರುತ್ತೇನೆ. ವಿಮಾನವನ್ನೋ ಟ್ಯಾಂಕನ್ನೋ ಮಾಡುವವರಿಗೆ ಮಬ್ಬು ಬಣ್ಣ ಸಾಕು. ಕೊಳೆ, ತುಕ್ಕು ಎಂದು ತಪ್ಪುಗಳನ್ನು ಮುಚ್ಚಲೂಬಹುದು. ಕಾರು ಮಾಡುವವನಿಗೆ ಆ ವಿನಾಯಿತಿ ಇಲ್ಲ. ಬಾಡಿ ಕನ್ನಡಿಯಂತೆ ಹೊಳೆಯಬೇಕು, ಹೊಳೆಯುವ ಮೇಲ್ಮೈ ಪ್ರತಿಯೊಂದು ದೂಳಿನ ಕಣವನ್ನೂ ತೋರಿಸಿಕೊಡುತ್ತದೆ. ತಮಿಯಾದ ಟಿಎಸ್ ಸ್ಪ್ರೇ ಡಬ್ಬಿಗಳು ಲ್ಯಾಕರ್ ಬಣ್ಣಗಳು. 100 ಮಿಲಿಲೀಟರಿನ ಒಂದು ಡಬ್ಬಿಯಲ್ಲಿ ಈ ಅಳತೆಯ ಎರಡು ಬಾಡಿಗಳಿಗೆ ಧಾರಾಳವಾಗಿ ಬಣ್ಣ ಹಾಕಬಹುದು. ಲ್ಯಾಕರ್ ಬೇಗ ಒಣಗುತ್ತದೆ, ಗಟ್ಟಿಯಾಗುತ್ತದೆ, ಉಜ್ಜಿ ಪಾಲಿಶ್ ಮಾಡಲು ಒಗ್ಗುತ್ತದೆ. ಆದರೆ ಅದು ಬೇಗ ಒಣಗುವುದೇ ನಮ್ಮ ಕರಾವಳಿಯಲ್ಲಿ ಮುಳುವು. ದ್ರಾವಕ ರಭಸದಿಂದ ಆವಿಯಾಗುವಾಗ ಮೇಲ್ಮೈಯ ಶಾಖವನ್ನು ಹೀರಿಕೊಳ್ಳುತ್ತದೆ. ತಣ್ಣಗಾದ ಆ ಮೇಲ್ಮೈ ಮೇಲೆ ಗಾಳಿಯ ತೇವ ಹನಿಯಾಗಿ ಇಳಿದು, ಇನ್ನೂ ಒಣಗದ ಪದರದೊಳಗೆ ಸಿಕ್ಕಿಕೊಳ್ಳುತ್ತದೆ. ಹೊಳೆಯಬೇಕಾದ ಕಪ್ಪು ಬಾಡಿ ಹಾಲು ಚೆಲ್ಲಿದಂತೆ ಬೆಳ್ಳಗಾಗುತ್ತದೆ. ನನ್ನ ಎರಡನೆಯ ಕಾರನ್ನು ಆಟಿ ತಿಂಗಳ ಒಂದು ಮಧ್ಯಾಹ್ನ, ಮಳೆ ಹತ್ತು ನಿಮಿಷ ಬಿಟ್ಟಿದೆ ಎಂಬ ಒಂದೇ ಧೈರ್ಯದಿಂದ ಹೀಗೆ ಕೆಡಿಸಿದೆ. ಅದು ಬಣ್ಣದ ದೋಷವಲ್ಲ, ನನ್ನ ಅವಸರದ ಫಲ. ಒಣ ದಿನವೊಂದನ್ನು ಕಾದು, ತೆಳುವಾಗಿ ಥಿನ್ನರ್ ಸಿಂಪಡಿಸಿ ಮೇಲ್ಪದರವನ್ನು ಮತ್ತೆ ಸಡಿಲಿಸಿದರೆ ಆ ಬಿಳುಪು ಬಹುಮಟ್ಟಿಗೆ ಹೋಗುತ್ತದೆ ಎಂಬುದು ಆಗ ತಿಳಿದಿರಲಿಲ್ಲ. ಉಜ್ಜಿ ಉಜ್ಜಿ ಬಾನೆಟ್ಟಿನ ಗೆರೆಗಳನ್ನೇ ಅಳಿಸಿಬಿಟ್ಟೆ.

ಅಂದಿನಿಂದ ವರ್ಷವನ್ನು ಎರಡು ಪಾಲು ಮಾಡಿಕೊಂಡಿದ್ದೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕತ್ತರಿಸುವುದು, ಸವರುವುದು, ಎಂಜಿನ್ ಮತ್ತು ಒಳಾಂಗಣದ ಚಿಕ್ಕ ಭಾಗಗಳಿಗೆ ಕುಂಚದಿಂದ ಅಕ್ರಿಲಿಕ್ ಬಣ್ಣ ಹಚ್ಚುವುದು. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಎರಡರೊಳಗೆ ಕಾರಿನ ಬಾಡಿಯ ಮೇಲೆ ಬಣ್ಣ. ಇನ್ನೂರು ರೂಪಾಯಿಯ ಒಂದು ತೇವಮಾಪಕವನ್ನು ಗೋಡೆಗೆ ಹಾಕಿಕೊಂಡು, ಅದು ಶೇಕಡಾ 65ಕ್ಕಿಂತ ಮೇಲಿದ್ದರೆ ಡಬ್ಬಿ ಮುಟ್ಟುವುದಿಲ್ಲ ಎಂಬ ನಿಯಮ ಮಾಡಿಕೊಂಡೆ. ಬಣ್ಣದ ಡಬ್ಬಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಐದು ನಿಮಿಷ ಇಟ್ಟು ತೆಗೆದರೆ ಹನಿಗಳು ಸಣ್ಣಗೆ ಬೀಳುತ್ತವೆ. ಒಲೆಯ ಹತ್ತಿರವಾಗಲಿ, ಕುದಿಯುವ ನೀರಿನ ಹತ್ತಿರವಾಗಲಿ ಡಬ್ಬಿಯನ್ನು ಎಂದೂ ಒಯ್ಯಬಾರದು, ಅದರೊಳಗಿರುವುದು ಒತ್ತಡ ತುಂಬಿದ, ಹೊತ್ತಿಕೊಳ್ಳುವ ಅನಿಲ. ಬಣ್ಣ ಹಾಕಿದ ಬಾಡಿಯನ್ನು ಮುಚ್ಚಳವಿರುವ ದೊಡ್ಡ ಬಿಸ್ಕತ್ತಿನ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡುತ್ತೇನೆ.

ಬಣ್ಣಕ್ಕೆ ಮೊದಲು ಹಾಕುವ ತಳಪದರವಾದ ಪ್ರೈಮರ್‌ಗೆ ಮುಂಚೆ ಬಾಗಿಲು, ಬಾನೆಟ್‌ಗಳ ಗೆರೆಗಳನ್ನು ಸೂಜಿಯಂತಹ ಉಪಕರಣದಿಂದ ತುಸು ಆಳ ಮಾಡಿಕೊಳ್ಳಬೇಕು, ಇಲ್ಲವಾದರೆ ಪ್ರೈಮರ್, ಬಣ್ಣ, ಅದರ ಮೇಲಿನ ಪಾರದರ್ಶಕ ಕ್ಲಿಯರ್ ಎಂದು ಏಳೆಂಟು ಪದರಗಳು ಸೇರಿ ಗೆರೆ ತುಂಬಿಹೋಗುತ್ತದೆ. ಕ್ಲಿಯರ್ ಕೋಟ್ ಹಾಕಿದ ಮೇಲೆ ಕನಿಷ್ಠ ಎರಡು ವಾರ ಮುಟ್ಟದೆ ಬಿಟ್ಟು, 2000 ಸಂಖ್ಯೆಯ ನೀರು ಉಜ್ಜುಕಾಗದದಿಂದ ಆರಂಭಿಸಿ, ಕೋರ್ಸ್, ಫೈನ್, ಫಿನಿಶ್ ಎಂಬ ಮೂರು ಕಾಂಪೌಂಡ್‌ಗಳ ಕ್ರಮದಲ್ಲಿ ಪಾಲಿಶ್ ಮಾಡುತ್ತೇನೆ. ಮಡ್‌ಗಾರ್ಡಿನ ಅಂಚು, ಚಾವಣಿಯ ಏಣುಗಳ ಮೇಲೆ ಕೈ ಭಾರ ಬಿದ್ದರೆ ಎರಡೇ ಉಜ್ಜಿಗೆ ಪ್ರೈಮರ್ ಕಾಣುತ್ತದೆ; ಅಲ್ಲಿಗೆ ಮೊದಲೇ ಮಾಸ್ಕಿಂಗ್ ಟೇಪ್ ಅಂಟಿಸಿಕೊಳ್ಳುವುದನ್ನು ನಾಲ್ಕನೆಯ ಕಾರಿನಲ್ಲಿ ಕಲಿತೆ.

ವಾಸನೆಯ ವಿಷಯದಲ್ಲಿ ಉದಾಸೀನ ಬೇಡ. ಲ್ಯಾಕರ್ ಸಿಂಪಡಿಸುವಾಗ ಬಟ್ಟೆಯ ಮುಖಗವುಸು ಯಾವ ಪ್ರಯೋಜನಕ್ಕೂ ಬಾರದು, ಸಾವಯವ ಆವಿಯನ್ನು ಹೀರುವ ಕಾರ್ಟ್ರಿಜ್ ಇರುವ ಮಾಸ್ಕ್ ಬೇಕು, ಗಾಳಿ ಹೊರಗೆ ಹೋಗುವ ಫ್ಯಾನ್ ಬೇಕು. ಹಣ ಉಳಿಸಲು ಹಾರ್ಡ್‌ವೇರ್ ಅಂಗಡಿಯಿಂದ ಪೀಠೋಪಕರಣದ ಥಿನ್ನರ್ ತಂದು ಒಂದು ಡ್ಯಾಶ್‌ಬೋರ್ಡ್ ಒರೆಸಿದ್ದೆ. ಅದು ಮೇಣದಂತೆ ಮೆತ್ತಗಾಗಿ ಬೆರಳಚ್ಚು ಹೊತ್ತುಕೊಂಡಿತು, ಇಂದಿಗೂ ಆ ಕಾರಿನ ಕಿಟಕಿಯಿಂದ ಇಣುಕಿದರೆ ನನ್ನ ಹೆಬ್ಬೆರಳು ಕಾಣುತ್ತದೆ.

ಕಿಟಕಿ ಮತ್ತು ಲಾಂಛನಗಳ ಬಗ್ಗೆ ಎರಡು ಮಾತು. ಈಚಿನ ಕಿಟ್‌ಗಳಲ್ಲಿ ಗಾಜಿನ ಅಂಚಿಗೆ ಕಪ್ಪು ಹಾಕುವಾಗ ಉಳಿದ ಭಾಗವನ್ನು ಮುಚ್ಚಲು ಅಂಟಿಸುವ ಮಾಸ್ಕ್ ಹಾಳೆ ಬರುತ್ತದೆ, ಆದರೆ ಗೆರೆಯ ಮೇಲೆ ನಾವೇ ಬ್ಲೇಡಿನಿಂದ ಕತ್ತರಿಸಿಕೊಳ್ಳಬೇಕು. ಹೊಸ ಬ್ಲೇಡ್ ಇಲ್ಲದೆ ಆ ಕೆಲಸಕ್ಕೆ ಕೂರಬಾರದು. ಲಾಂಛನಗಳಿಗೆಂದು ಬರುವ ಲೋಹದ ಹೊಳಪಿನ ಸ್ಟಿಕ್ಕರ್‌ಗಳು ಎಂಟು ವರ್ಷಗಳಾದರೂ ಮೇಲೆದ್ದಿಲ್ಲ.

ವಯಸ್ಸಾದ ಮೇಲೆ ಏನಾಗುತ್ತದೆ? ಕ್ಲಿಯರ್ ಹಾಕಿ ಪಾಲಿಶ್ ಮಾಡಿದ ಗಾಢ ಬಣ್ಣಗಳು ಇಂದಿಗೂ ಹೊಸದರಂತಿವೆ. ಪಶ್ಚಿಮದ ಕಿಟಕಿಯ ಪಕ್ಕ ಇಟ್ಟಿದ್ದ ಬಿಳಿ ಕಾರೊಂದು ಮೂರನೆಯ ಬೇಸಿಗೆಗೆ ಹಳದಿಗೆ ತಿರುಗಿತು. ಬಿಸಿಲಿಗೆ ಇಟ್ಟವನು ನಾನೇ. ಸೂಪರ್ ಗ್ಲೂವಿನ ಆವಿ ತಾಗಿ ಮಂಜುಗಟ್ಟಿದ ಹೆಡ್‌ಲೈಟ್ ಮತ್ತೆ ತಿಳಿಯಾಗಲಿಲ್ಲ, ಆದ್ದರಿಂದ ಪಾರದರ್ಶಕ ಭಾಗಗಳಿಗೆ ಈಗ ನೀರಿನಲ್ಲಿ ಕರಗುವ ಬಿಳಿ ಅಂಟನ್ನೇ ಬಳಸುತ್ತೇನೆ. ಯಾವ ಕಂಪನಿಯ ಕಿಟ್ಟೇ ಆಗಲಿ, ಮೆದು ವಿನೈಲಿನ ಟೈರುಗಳಲ್ಲಿರುವ ಮೃದುಕಾರಕ ಎಣ್ಣೆ ವರ್ಷಗಳ ಮೇಲೆ ಪಾಲಿಸ್ಟೈರೀನ್ ಚಕ್ರವನ್ನು ತಿನ್ನಬಲ್ಲದು ಎಂದು ಹಿರಿಯ ಹವ್ಯಾಸಿಗಳು ಎಚ್ಚರಿಸುತ್ತಾರೆ. ಅದಕ್ಕೆಂದೇ ಚಕ್ರದ ಅಂಚಿಗೆ ಬಣ್ಣದ ಗಟ್ಟಿ ಪದರ ಕೊಟ್ಟು, ಕಾರನ್ನು ನೇರವಾಗಿ ಪ್ಲಾಸ್ಟಿಕ್ ತಟ್ಟೆಯ ಮೇಲೆ ಇಡದೆ ಮರದ ಹಲಗೆಯ ಮೇಲೆ ಇಡುತ್ತೇನೆ. ಮಳೆಗಾಲದಲ್ಲಿ ಗಾಜಿನ ಕಪಾಟಿನೊಳಗೆ ತೇವ ಹೀರುವ ಡಬ್ಬಿ ಇಡದಿದ್ದ ವರ್ಷ ಎರಡು ಕಾರುಗಳ ಸೀಟಿನ ಮಬ್ಬು ಬಣ್ಣದ ಮೇಲೆ ಬೂಷ್ಟು ಬಂದಿತ್ತು. ಒಣ ಕುಂಚದಿಂದ ಹೋಯಿತು.

ಬೆಲೆಯ ವಿಷಯ ಹಿತಕರವಲ್ಲ. ನಾನು ಕೊಂಡ ಕಿಟ್‌ಗಳು ಹೆಚ್ಚಿನವು ಮೂರರಿಂದ ಆರು ಸಾವಿರ ರೂಪಾಯಿಯವು, ಮೊದಲ ವರ್ಷ ಉಪಕರಣ ಮತ್ತು ಬಣ್ಣಗಳಿಗೆ ಅದಕ್ಕಿಂತ ಹೆಚ್ಚು ಹೋಯಿತು. ವಿದೇಶದಿಂದ ತರಿಸಿದರೆ ಕಸ್ಟಮ್ಸ್ ಸುಂಕ ಸೇರುತ್ತದೆ, ಸ್ಪ್ರೇ ಡಬ್ಬಿಗಳಂತೂ ಅಪಾಯಕಾರಿ ಸರಕೆಂದು ಸಾಮಾನ್ಯ ವಿಮಾನ ಅಂಚೆಯಲ್ಲಿ ಬರುವಂತಿಲ್ಲ. ಆದ್ದರಿಂದ ಕಿಟ್ ಆರಿಸುವ ಮೊದಲು ಅದಕ್ಕೆ ಬೇಕಾದ ಬಣ್ಣ ದೇಶದೊಳಗೆ ಸಿಗುತ್ತದೆಯೇ ಎಂದು ನೋಡಿಕೊಳ್ಳುವುದು ಲೇಸು. ಒಂದು ಆನ್‌ಲೈನ್ ಅಂಗಡಿ ತೆರೆದು ಮುಚ್ಚಿದ್ದ ಪೆಟ್ಟಿಗೆಯನ್ನು ಹೊಸದೆಂದು ಕಳುಹಿಸಿತ್ತು. ಅದರಲ್ಲಿ ಆಂಟೆನಾ ಇರಲಿಲ್ಲ. ಸ್ಪ್ರೂವಿನ ತುಂಡನ್ನು ಮೇಣದಬತ್ತಿಯ ಜ್ವಾಲೆಯ ಮೇಲೆ ಕಾಯಿಸಿ, ಪಾಕದ ಎಳೆಯಂತೆ ಎಳೆದು ಕೂದಲಿನಷ್ಟು ತೆಳುವಾದ ಆಂಟೆನಾ ಮಾಡಿಕೊಂಡೆ, ಪೆಟ್ಟಿಗೆಯಲ್ಲಿ ಬರುವುದಕ್ಕಿಂತ ಅದೇ ಚೆನ್ನಾಗಿದೆ.

ಮೊದಲ ಸಲ ಕೊಳ್ಳುವವರು 300 ಎಸ್‌ಎಲ್‌ನಿಂದ ಶುರುಮಾಡಬೇಡಿ. ಎಂಜಿನ್ ಇಲ್ಲದ, ಬಾನೆಟ್ ತೆರೆಯದ ಕಿಟ್ ಒಂದನ್ನು ತೆಗೆದುಕೊಂಡು, ಕಪ್ಪನ್ನೂ ಲೋಹದ ಹೊಳಪಿನ ಬಣ್ಣಗಳನ್ನೂ ಬಿಟ್ಟು ತಿಳಿಯಾದ ಒಂದೇ ಬಣ್ಣ ಆರಿಸಿ. ಕರಾವಳಿಯವರಾದರೆ ಕಿಟ್ಟನ್ನು ಮೇ ತಿಂಗಳಲ್ಲಿ ಕೊಳ್ಳಿ, ಸ್ಪ್ರೇ ಡಬ್ಬಿಯನ್ನು ನವೆಂಬರಿನಲ್ಲಿ.