ಹನ್ನೊಂದು ನಿಮಿಷ ಉಳಿದಿತ್ತು
ಪ್ರವಾಸಿ ಹಡಗಿನ (ಕ್ರೂಸ್) ವೇಳಾಪಟ್ಟಿಯಲ್ಲಿ ರೋಮ್ ಎಂದಿರುತ್ತದೆ, ಇಳಿದರೆ ಸಿಗುವುದು ಚಿವಿತಾವೆಕ್ಕಿಯಾ ಬಂದರು. ರೋಮ್ ಅಲ್ಲಿಂದ ಸುಮಾರು 70 ಕಿಲೋಮೀಟರ್. ಇದು ಗೊತ್ತಿದ್ದೂ ಹಡಗಿನವರೇ ನಡೆಸುವ ರೋಮ್ ಪ್ರವಾಸ ಬಿಟ್ಟು, ಹೊರಗಿನ ಸಂಸ್ಥೆಯೊಂದರಲ್ಲಿ 8 ಜನರ ವ್ಯಾನ್ ಕಾದಿರಿಸಿದೆ. ದರ ಕಡಿಮೆ, ಫಲಕ ಹಿಡಿದವರ ಹಿಂದೆ ಕುರಿಮಂದೆಯಂತೆ ನಡೆಯುವ ಕಷ್ಟವೂ ಇಲ್ಲ.

ಮಾರ್ಗದರ್ಶಿ ಅಪ್ಪಟ ಚಿನ್ನ. ಕೊಲೋಸಿಯಂನ ಗೋಡೆಯ ತೂತುಗಳನ್ನು ತೋರಿಸಿ, ಕಲ್ಲುಗಳನ್ನು ಬಿಗಿದಿದ್ದ ಕಬ್ಬಿಣದ ಕೊಂಡಿಗಳನ್ನು ನಂತರದ ಕಾಲದವರು ಕಿತ್ತೊಯ್ದ ಕತೆ ಹೇಳಿದರು. ಒಂದು ತೂತಿನೊಳಗೆ ಪಾರಿವಾಳ ಕುಳಿತಿತ್ತು. ಅಲ್ಲಿಯೇ ಅರ್ಧ ಗಂಟೆ ಕಳೆದುಹೋಯಿತು.

ಮರಳುವಾಗ ಹೆದ್ದಾರಿಯಲ್ಲಿ ವಾಹನಗಳ ಸಾಲು. ಚಾಲಕ ಮೊಬೈಲ್ ನೋಡುತ್ತಿದ್ದ, ನಾನು ಗಡಿಯಾರ ನೋಡುತ್ತಿದ್ದೆ. ಹಡಗಿನವರೇ ನಡೆಸುವ ಪ್ರವಾಸ ತಡವಾದರೆ ಹಡಗು ಸಾಮಾನ್ಯವಾಗಿ ಕಾಯುತ್ತದೆ. ನಮ್ಮಂಥವರಿಗೆ ಆ ಭಾಗ್ಯವಿಲ್ಲ. ಸ್ವಂತ ಖರ್ಚಿನಲ್ಲಿ ಮುಂದಿನ ಬಂದರಿಗೆ ಓಡಬೇಕು. ಹಡಗು ಹತ್ತಿದಾಗ ಗಡುವಿಗೆ ಉಳಿದಿದ್ದು 11 ನಿಮಿಷ.

‘ಸಮಯಕ್ಕೆ ತಲುಪಿಸುತ್ತೇವೆ’ ಎಂದು ಸಂಸ್ಥೆಯ ಜಾಲತಾಣದಲ್ಲಿ ದಪ್ಪಕ್ಷರದ ಭರವಸೆಯಿತ್ತು. ತಪ್ಪಿದರೆ ಏನು ಕೊಡುತ್ತಾರೆಂದು ಷರತ್ತುಗಳ ಪುಟವನ್ನು ಎರಡು ಬಾರಿ ಓದಿದರೂ ಸಿಗಲಿಲ್ಲ. 5ರಲ್ಲಿ 3 ನಕ್ಷತ್ರ ಕೊಡುತ್ತೇನೆ, ಮೂರೂ ಆ ಮಾರ್ಗದರ್ಶಿಗೆ.