ಕಪ್ಪನ್ನು ಕಪ್ಪಾಗಿ ತೋರುವ ಪರದೆ: ಓಎಲ್‌ಇಡಿ ಟಿ.ವಿ.ಯಲ್ಲಿ ಹತ್ತು ತಿಂಗಳ ಬಾಹ್ಯಾಕಾಶ

ಹತ್ತು ತಿಂಗಳ ಹಿಂದೆ ನಾನು 65 ಇಂಚಿನ 4ಕೆ ಓಎಲ್‌ಇಡಿ ಟಿ.ವಿ.ಯೊಂದನ್ನು ಕೊಂಡದ್ದು ಬಹುಮಟ್ಟಿಗೆ ಬಾಹ್ಯಾಕಾಶದ ಸಾಕ್ಷ್ಯಚಿತ್ರಗಳನ್ನು ನೋಡುವುದಕ್ಕಾಗಿಯೇ. ಸುದ್ದಿಗೂ ಧಾರಾವಾಹಿಗೂ ಹಳೆಯ ಎಲ್‌ಸಿಡಿ ಟಿ.ವಿ. ಸಾಕಾಗಿತ್ತು. ಆದರೆ ದೀಪ ಆರಿಸಿ ಕುಳಿತಾಗ ಅದರಲ್ಲಿ ಅಂತರಿಕ್ಷ ಒಮ್ಮೆಯೂ ಕಪ್ಪಾಗಿ ಕಂಡದ್ದಿಲ್ಲ. ಬೂದಿ ಬಳಿದ ಹಲಗೆಯ ಮೇಲೆ ನಕ್ಷತ್ರಗಳನ್ನು ಅಂಟಿಸಿದಂತೆ ಇರುತ್ತಿತ್ತು. ಎಲ್‌ಸಿಡಿಯಲ್ಲಿ ಹಿಂಬದಿಯ ದೀಪ ಸದಾ ಉರಿಯುತ್ತಿದ್ದು, ಮುಂದಿನ ಪದರ ಆ ಬೆಳಕನ್ನು ತಡೆಯಲು ಯತ್ನಿಸುತ್ತದೆ, ಆದರೆ ಪೂರ್ತಿಯಾಗಿ ತಡೆಯಲಾರದು. ಓಎಲ್‌ಇಡಿಯಲ್ಲಿ ಪ್ರತಿಯೊಂದು ಪಿಕ್ಸೆಲ್ ತಾನೇ ಬೆಳಗುವುದರಿಂದ, ಕಪ್ಪು ಬೇಕಾದ ಕಡೆ ಅದು ಸುಮ್ಮನೆ ಆರಿಬಿಡುತ್ತದೆ.

ಯಾವ ಪರದೆಯನ್ನು ಪರೀಕ್ಷಿಸುವುದಿದ್ದರೂ ನಾನು ಮೊದಲು ತೆರೆಯುವುದು ಕ್ಯಾಸಿನಿ ನೌಕೆ 2013ರ ಜುಲೈ 19ರಂದು ಶನಿಗ್ರಹದ ನೆರಳಿನೊಳಗಿನಿಂದ ತೆಗೆದ ಚಿತ್ರಮಾಲೆಯನ್ನು. ಸೂರ್ಯ ಗ್ರಹದ ಹಿಂದೆ ಮರೆಯಾಗಿರುವುದರಿಂದ ಉಂಗುರಗಳು ಹಿಂದಿನಿಂದ ಬೆಳಗುತ್ತವೆ, ಅವುಗಳಾಚೆ ‘ಇ’ ಉಂಗುರವು ಮಸುಕಾದ ನೀಲಿ ಮಬ್ಬಿನಂತೆ ಹರಡಿಕೊಂಡಿರುತ್ತದೆ, ಬಲಗಡೆ ಕೆಳಗೆ ಒಂದು ಚುಕ್ಕೆಯಾಗಿ ಭೂಮಿಯಿರುತ್ತದೆ. ಹಳೆಯ ಟಿ.ವಿ.ಯಲ್ಲಿ ಆ ಮಬ್ಬು ಪರದೆಯ ಸ್ವಂತ ಬೂದುಬಣ್ಣದೊಳಗೆ ಕರಗಿಹೋಗುತ್ತಿತ್ತು. ಹೊಸದರಲ್ಲಿ ಅದರ ಹೊರ ಅಂಚು ಎಲ್ಲಿ ತೆಳುವಾಗುತ್ತ ಮುಗಿಯುತ್ತದೆ ಎಂಬುದನ್ನು ಬೆರಳಿಟ್ಟು ತೋರಿಸಬಹುದು. ನಾನು ತೆತ್ತ ಹಣದ ಬಹುಪಾಲು ಸಂದದ್ದು ಆ ಅಂಚಿಗೇ ಎಂದು ನಾನು ತಿಳಿದಿದ್ದೇನೆ.

ಕೊರತೆಗಳೂ ಇವೆ. ಮೋಡ ಕವಿದ ಭೂಮಿ ಪರದೆಯ ತುಂಬ ಬಂದಾಗ, ವಿದ್ಯುತ್ ಬಳಕೆಯನ್ನೂ ಬಿಸಿಯನ್ನೂ ಮಿತಿಯಲ್ಲಿಡುವ ಸಲುವಾಗಿ ಟಿ.ವಿ. ತಾನಾಗಿಯೇ ಬೆಳಕನ್ನು ತಗ್ಗಿಸುತ್ತದೆ. ಬೆಳ್ಳಗೆ ಹೊಳೆಯಬೇಕಾದ ಮೋಡಗಳು ಮಂಕಾಗುತ್ತವೆ. ಹಗಲಿನಲ್ಲಿ ಕಪ್ಪು ಪರದೆಯ ಮೇಲೆ ಕಿಟಕಿಯೂ ನನ್ನ ಮುಖವೂ ಕಾಣುತ್ತವೆ. ಇನ್ನೊಂದು ತೊಂದರೆ ನಾನು ನಿರೀಕ್ಷಿಸದೇ ಇದ್ದದ್ದು: ಈ ಪಿಕ್ಸೆಲ್‌ಗಳು ಕ್ಷಣಮಾತ್ರದಲ್ಲಿ ಬದಲಾಗುವುದರಿಂದ, ಸೆಕೆಂಡಿಗೆ 24 ಚೌಕಟ್ಟುಗಳ ಚಿತ್ರದಲ್ಲಿ ಕ್ಯಾಮೆರಾ ನಕ್ಷತ್ರಗಳ ಮೇಲೆ ನಿಧಾನವಾಗಿ ಹಾಯುವಾಗ ಅವು ಸರಾಗವಾಗಿ ಜಾರದೆ ಹೆಜ್ಜೆ ಹೆಜ್ಜೆಯಾಗಿ ಕುಪ್ಪಳಿಸುತ್ತವೆ. ಚಲನೆಯನ್ನು ನಯಗೊಳಿಸುವ ಸೌಲಭ್ಯವಿದೆ, ಆದರೆ ಅದನ್ನು ಹಾಕಿದರೆ ನೌಕೆಯ ಅಂಚಿನ ಸುತ್ತ ನೀರು ಕದಡಿದಂತಹ ಒಂದು ನಡುಕ ಮೂಡುತ್ತದೆ. ನಾನು ಕುಪ್ಪಳಿಕೆಯನ್ನೇ ಸಹಿಸಿಕೊಂಡಿದ್ದೇನೆ.

ಕಾರ್ಖಾನೆಯಿಂದ ಬಂದ ಸೆಟ್ಟಿಂಗ್‌ಗಳ ಬಗ್ಗೆ ನನಗೆ ನಿಜವಾದ ಅಸಮಾಧಾನವಿದೆ. ಗಾಢವರ್ಣದ ವಿಧಾನದಲ್ಲಿ ಚಂದ್ರನ ನೆಲ ನೀಲಿಗೆ ತಿರುಗಿತ್ತು. ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು ಶೇ. 12ರಷ್ಟನ್ನು ಮಾತ್ರ ಹಿಂತಿರುಗಿಸುವ, ಹಳೆಯ ಡಾಂಬರಿನ ಬಣ್ಣದ ನೆಲ ಅದು. (ಜೇಮ್ಸ್ ವೆಬ್ ದೂರದರ್ಶಕದ ಚಿತ್ರಗಳ ವಿಷಯ ಬೇರೆ: ಕಣ್ಣಿಗೆ ಕಾಣದ ಅವಕೆಂಪು ಬೆಳಕಿಗೆ ಬಣ್ಣಗಳನ್ನು ಮನುಷ್ಯರೇ ಆರಿಸಿ ಕೊಟ್ಟಿರುವುದರಿಂದ, ಅಲ್ಲಿ ‘ಸಹಜವರ್ಣ’ ಎಂಬ ಮಾತಿಗೆ ಅರ್ಥವೇ ಇಲ್ಲ.) ಆ ನೀಲಿಗಿಂತ ಕೆಟ್ಟದ್ದು ‘ನಾಯ್ಸ್ ರಿಡಕ್ಷನ್’, ಎಂದರೆ ಚಿತ್ರದಲ್ಲಿನ ಕಾಳುಕಾಳಾದ ಕಲೆಗಳನ್ನು ಅಳಿಸುವ ಸೌಲಭ್ಯ. ಗೋಳಾಕಾರದ ನಕ್ಷತ್ರಗುಚ್ಛವೊಂದರ ದೃಶ್ಯವನ್ನು ನಿಲ್ಲಿಸಿ, ಪರದೆಯ ಒಂದು ಮೂಲೆಯನ್ನು ಗಮನಿಸುತ್ತ ಆ ಸೌಲಭ್ಯವನ್ನು ಹಾಕಿ ತೆಗೆದು ನೋಡಿದೆ. ಹಾಕಿದಾಗಲೆಲ್ಲ ಸಣ್ಣ ನಕ್ಷತ್ರಗಳು ಒರೆಸಿದಂತೆ ಮಾಯವಾಗುತ್ತಿದ್ದವು. ಒಂದೇ ಪಿಕ್ಸೆಲಿನ ಮಂದ ಚುಕ್ಕೆ ನಕ್ಷತ್ರವೋ ಕ್ಯಾಮೆರಾದ ದೋಷವೋ ಎಂಬುದು ಆ ಯಂತ್ರಕ್ಕೆ ತಿಳಿಯುವ ಬಗೆಯಿಲ್ಲ.

ಪರದೆ ಎಷ್ಟೇ ಒಳ್ಳೆಯದಿರಲಿ, ಅಂತರಜಾಲದಲ್ಲಿ ಹರಿದು ಬರುವ ಚಿತ್ರ ಅಷ್ಟು ಒಳ್ಳೆಯದಿರುವುದಿಲ್ಲ. 4ಕೆ ಡಿಸ್ಕಿನಲ್ಲಿ ದತ್ತಾಂಶದ ವೇಗ ಸೆಕೆಂಡಿಗೆ 128 ಮೆಗಾಬಿಟ್‌ವರೆಗೂ ಇರಬಹುದು. ಸ್ಟ್ರೀಮಿಂಗ್‌ನಲ್ಲಿ ಸಾಮಾನ್ಯವಾಗಿ ಅದರ ಸಣ್ಣದೊಂದು ಪಾಲು ಮಾತ್ರ ಸಿಗುತ್ತದೆ. ದತ್ತಾಂಶವನ್ನು ಹೀಗೆ ಹಿಂಡಿ ಕಿರಿದಾಗಿಸುವಾಗ ಮೊದಲು ಬಲಿಯಾಗುವುದು ಕತ್ತಲೆ. ಗ್ರಹದ ವಾತಾವರಣ ಬೆಳಕಿನಿಂದ ಕಪ್ಪಿಗೆ ಇಳಿಯುವಲ್ಲಿ ಮೆಟ್ಟಿಲು ಮೆಟ್ಟಿಲಾದ ಪಟ್ಟೆಗಳು ಏಳುತ್ತವೆ. 8 ಬಿಟ್‌ನಲ್ಲಿ ಪ್ರತಿ ಬಣ್ಣಕ್ಕೆ 256 ಹಂತಗಳಿದ್ದರೆ ಎಚ್‌ಡಿಆರ್‌ನ (ಬೆಳಕು-ಕತ್ತಲೆಗಳ ಹೆಚ್ಚಿನ ವ್ಯಾಪ್ತಿಯನ್ನು ತೋರುವ ಚಿತ್ರವಿಧಾನದ) 10 ಬಿಟ್‌ನಲ್ಲಿ 1,024 ಇರುವುದರಿಂದ ಪಟ್ಟೆಗಳು ತಗ್ಗುತ್ತವೆ, ಆದರೆ ಪೂರ್ತಿ ಹೋಗುವುದಿಲ್ಲ. ಒಂದೇ ಸಾಕ್ಷ್ಯಚಿತ್ರವನ್ನು ಡಿಸ್ಕಿನಲ್ಲೂ ಸ್ಟ್ರೀಮಿಂಗ್‌ನಲ್ಲೂ ನೋಡಿ ನಾನು ಕಂಡ ವ್ಯತ್ಯಾಸ, ಎರಡು ಒಳ್ಳೆಯ ಟಿ.ವಿ.ಗಳ ನಡುವಿನ ವ್ಯತ್ಯಾಸಕ್ಕಿಂತ ದೊಡ್ಡದು.

ಆದ್ದರಿಂದಲೇ, 4ಕೆಯ ನಾಲ್ಕರಷ್ಟು ಪಿಕ್ಸೆಲ್‌ಗಳಿರುವ 8ಕೆ ಬರುವವರೆಗೆ ಕಾಯಬೇಕೇ ಎಂದು ಕೇಳುವವರಿಗೆ ನಾನು ಬೇಡವೆನ್ನುತ್ತೇನೆ. ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆ 2018ರ ಡಿಸೆಂಬರ್‌ನಲ್ಲೇ 8ಕೆ ಪ್ರಸಾರ ಆರಂಭಿಸಿತು, ಅದೇ ವರ್ಷ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಿಂದಲೂ 8ಕೆ ವಿಡಿಯೊ ಬಂತು. ಆದರೆ ಎರಡೂವರೆ ಮೀಟರ್ ದೂರದಿಂದ ಈ ಅಳತೆಯ ಪರದೆಯನ್ನು ನೋಡುವಾಗ 4ಕೆಯ 83 ಲಕ್ಷ ಪಿಕ್ಸೆಲ್‌ಗಳೇ ಸಾಮಾನ್ಯ ಕಣ್ಣಿನ ಶಕ್ತಿಯನ್ನು ಮೀರಿರುತ್ತವೆ. ನನಗೆ ಆಸೆಯಿರುವುದು ಪ್ರತಿ ಪಿಕ್ಸೆಲಿಗೂ ಅತಿಸಣ್ಣ ಎಲ್‌ಇಡಿಗಳನ್ನು ಬಳಸುವ ಮೈಕ್ರೊಎಲ್‌ಇಡಿಯ ಮೇಲೆ: ಓಎಲ್‌ಇಡಿಯಷ್ಟೇ ಕಪ್ಪು, ಅದಕ್ಕಿಂತ ಹೆಚ್ಚು ಬೆಳಕು. ಅದು ಮನೆಯ ಅಳತೆಗೂ ಮನೆಯವರ ಕೈಗೂ ಇನ್ನೂ ಎಟುಕಿಲ್ಲ.

ನನಗೆ ಹೆಚ್ಚು ಚಿಂತೆ ಹುಟ್ಟಿಸುವುದು ಕೃತಕ ಬುದ್ಧಿಮತ್ತೆಯಿಂದ ಚಿತ್ರವನ್ನು ‘ಉತ್ತಮಪಡಿಸುವ’ ಚಿಪ್‌ಗಳು. 1969ರ ಜುಲೈನಲ್ಲಿ ಚಂದ್ರನಿಂದ ಬಂದ ನೇರ ಪ್ರಸಾರದ ಕ್ಯಾಮೆರಾ 320 ಗೆರೆಗಳ ಚಿತ್ರವನ್ನು ಸೆಕೆಂಡಿಗೆ ಹತ್ತರಂತೆ ಕಳಿಸುತ್ತಿತ್ತು. ಭೂಮಿಯ ಕೇಂದ್ರಗಳಲ್ಲಿ ಅದನ್ನು ಮಾನಿಟರಿನ ಮೇಲೆ ಮೂಡಿಸಿ, ಆ ಮಾನಿಟರಿಗೆ ಇನ್ನೊಂದು ಕ್ಯಾಮೆರಾ ಹಿಡಿದು ಜಗತ್ತಿಗೆ ತೋರಿಸಿದರು. ಆ ದೃಶ್ಯಕ್ಕೆ ನನ್ನ ಟಿ.ವಿ.ಯ ಚಿಪ್ಪನ್ನು ಹಚ್ಚಿ ನೋಡಿದಾಗ, ಏಣಿಯ ಬುಡದ ನೆಲದಲ್ಲಿ ಮರಳಿನ ಕಾಳುಗಳು ಸ್ಪಷ್ಟವಾಗಿ ಎದ್ದುಬಂದವು. ಮೂಲದಲ್ಲಿ ಆ ಕಾಳುಗಳಿಲ್ಲ. ಯಂತ್ರ ಅವನ್ನು ಊಹಿಸಿತ್ತು. ಕಥಾಚಿತ್ರದಲ್ಲಾದರೆ ನಾನು ಸುಮ್ಮನಿರುತ್ತಿದ್ದೆ.

ಈ ಸೌಲಭ್ಯಗಳನ್ನೆಲ್ಲ ಆಫ್ ಮಾಡಿ, ಚಿತ್ರವನ್ನು ತಯಾರಕರು ಉದ್ದೇಶಿಸಿದಂತೆಯೇ ತೋರುವ ‘ಫಿಲ್ಮ್‌ಮೇಕರ್’ ವಿಧಾನದಲ್ಲಿಟ್ಟು ನೋಡುವುದಾದರೆ ಈ ಟಿ.ವಿ.ಗೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಉಳಿದ ಒಂದನ್ನು ತಡೆಹಿಡಿಯಲು ಕಾರಣವಿದೆ: ಹತ್ತು ತಿಂಗಳಲ್ಲಿ ಮೂರು ಸಲ ತಂತ್ರಾಂಶದ ಅಪ್‌ಡೇಟ್ ಬಂದಿದೆ, ಮೂರು ಸಲವೂ ‘ನಾಯ್ಸ್ ರಿಡಕ್ಷನ್’ ತಾನಾಗಿಯೇ ಮತ್ತೆ ಚಾಲೂ ಆಗಿದೆ, ಮತ್ತು ಆ ನಕ್ಷತ್ರಗುಚ್ಛದ ಮೂಲೆಯನ್ನು ನೋಡಿದ ಮೇಲಷ್ಟೇ ಅದು ನನ್ನ ಗಮನಕ್ಕೆ ಬಂದಿದೆ.